ಅಕ್ಕನ ಅಂಚೆ: ಭಾಷೆ ಬರಲ್ಲ, ಕಣ್ಣೀರು ಬರುತ್ತೆ

ಮಂಡಿ ಆಪರೇಷನ್ ಆಗಿ ಮಲಗಿದ್ದಾಗ ಫಿಲಿಪ್ಪೀನ್ಸ್ ದೇಶದ ಒಂದು ಪ್ರೇಮದ ಧಾರಾವಾಹಿ ನೋಡಿ ಮುಗಿಸಿದೆ ಎಂದು ಹೋದ ತಿಂಗಳು ಇಲ್ಲಿ ಎರಡು ಸಾಲು ಬರೆದಿದ್ದೆ. ಓದಿದವರು ನಗುತ್ತಾರೆ ಅಂದುಕೊಂಡಿದ್ದೆ. ನೋಡಿದರೆ ಹಾಸನ, ಚಿಕ್ಕಮಗಳೂರು ಎರಡೂ ಕಡೆ ನನ್ನಂಥವರು ಇದ್ದಾರೆ. ಈ ಸಲ ಅವರದೇ ಪತ್ರಗಳು.

ಪ್ರಶ್ನೆ: ಅಕ್ಕಾ, ನೀವೂ ನೋಡಿದ್ದೀರಿ ಅಂತ ಓದಿ ಧೈರ್ಯ ಬಂತು. ನಮ್ಮದು ಆಲ್ದೂರಿನ ಹತ್ತಿರ ಆರು ಎಕರೆ ಕಾಫಿ ತೋಟ. ನನಗೆ 48 ವರ್ಷ. ಮಗಳು ಕುವೈತಿನಲ್ಲಿ ನರ್ಸ್. ಅವಳ ರೂಮಿನಲ್ಲಿರುವ ಹುಡುಗಿ ಫಿಲಿಪ್ಪೀನ್ಸಿನವಳು. ಕಳೆದ ಮಳೆಗಾಲದಲ್ಲಿ ಮಗಳು 'ಫಾರೆವರ್‌ಮೋರ್' ಅಂತ ಒಂದು ಧಾರಾವಾಹಿ ಕಳಿಸಿ, "ನೋಡಮ್ಮಾ, ನಮ್ಮೂರ ಥರಾನೇ ಮಂಜು ಇದೆ" ಅಂದಳು. ಅಲ್ಲಿಂದ ಶುರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಒಲೆ ಪಕ್ಕ ಕೂತು ನೋಡುತ್ತೇನೆ. ಕೆಳಗೆ ಬರುವ ಇಂಗ್ಲಿಷನ್ನು ನಿಲ್ಲಿಸಿ ನಿಲ್ಲಿಸಿ ಓದುತ್ತೇನೆ. ಎಷ್ಟೋ ಸಲ ಓದುವುದಕ್ಕೆ ಮೊದಲೇ ಅಳು ಬಂದಿರುತ್ತದೆ. ಭಾಷೆ ಬರದೆ ಅಳು ಹೇಗೆ ಬರುತ್ತದೆ ಅಕ್ಕಾ? ನಡುವೆ 'ಮುಖಾ' ಅಂದ ಹಾಗೆ ಕೇಳಿಸುತ್ತದೆ. ಅದು ನನ್ನ ಭ್ರಮೆಯಾ? ಮಾತು ಮಾತಿಗೂ 'ಪೋ' ಅಂತಾರೆ. ನಮ್ಮ ಲೈನ್‌ಮನೆಯ ತಮಿಳು ಹೆಂಗಸು ಒಂದು ದಿನ ಕೇಳಿಸಿಕೊಂಡು, "ಯಾಕಮ್ಮಾ ಎಲ್ಲರೂ ಎಲ್ಲರನ್ನೂ ಓಡಿಸ್ತಾ ಇದ್ದಾರೆ?" ಅಂದಳು! ಯಜಮಾನರು "ಈ ವಯಸ್ಸಲ್ಲಿ ಇದೆಲ್ಲ ಬೇಕಾ" ಅಂದರು. ಅದಕ್ಕೆ ಬೇಜಾರಿಲ್ಲ. ಧಾರಾವಾಹಿ ಮುಗಿದುಹೋಯಿತು ಅನ್ನುವುದೇ ಬೇಜಾರು. ಹಬ್ಬಕ್ಕೆ ಬಂದ ನೆಂಟರೆಲ್ಲ ಬಸ್ ಹತ್ತಿ ಹೋದ ಹಾಗಾಗಿದೆ. ಇದು ಹುಚ್ಚಾ?

ಉತ್ತರ: ಹುಚ್ಚೇ ತಂಗೀ. ನನಗೂ ಹಿಡಿದಿದೆ, ಹಾಗಾಗಿ ನನ್ನ ಹತ್ತಿರ ಔಷಧಿ ಕೇಳಬೇಡಿ.

ನೋಡದವರಿಗೆ ಕತೆ ಹೇಳಿಬಿಡುತ್ತೇನೆ. ದೊಡ್ಡ ಹೋಟೆಲ್ ಮಾಲೀಕರ ಮಗ ಸಾಂಡರ್. ಸೊಕ್ಕಿನ ಹುಡುಗ. ಪ್ಯಾರಾಚೂಟ್ ಕಟ್ಟಿಕೊಂಡು ಎತ್ತರದಿಂದ ಹಾರುವ ಹುಚ್ಚಾಟದಲ್ಲಿ ಸ್ಟ್ರಾಬೆರಿ ತುಂಬಿದ ಗಾಡಿಯ ಮೇಲೆ ಬಂದು ಬೀಳುತ್ತಾನೆ. ಬೆಳೆ ಹಾಳು. ಅದು ಬೆಟ್ಟದ ಹಳ್ಳಿಯ ಹುಡುಗಿ ಆಗ್ನೆಸಳ ಗಾಡಿ. ನಷ್ಟ ತೀರುವ ತನಕ ಅದೇ ಹಳ್ಳಿಯಲ್ಲಿ ಕೆಲಸ ಮಾಡು ಎಂದು ಹೆತ್ತವರೇ ಅವನನ್ನು ಕಳಿಸುತ್ತಾರೆ. ಮುಂದೆ ಏನಾಗುತ್ತದೆ ಅಂತ ನಮ್ಮ ಮನೆ ಬೆಕ್ಕಿಗೂ ಗೊತ್ತು. ಗೊತ್ತಿದ್ದೂ ನೋಡುತ್ತೇವೆ. ಸಾಂಡರ್ ಆಗಿ ಎನ್ರಿಕೆ ಗಿಲ್, ಆಗ್ನೆಸ್ ಆಗಿ ಲೀಸಾ ಸೊಬೆರಾನೊ. ಆ ಹುಡುಗ ಮೊದಮೊದಲು ಗುದ್ದಲಿ ಹಿಡಿಯುವುದನ್ನು ನೋಡಿ ನನಗೆ ಬೆಂಗಳೂರಿನಿಂದ ರಜೆಗೆ ಬಂದು ಕಾಫಿ ಕುಯ್ಯಲು ನಿಲ್ಲುವ ನಮ್ಮ ಮೊಮ್ಮಕ್ಕಳ ನೆನಪಾಯಿತು. ಹತ್ತು ನಿಮಿಷ ಹಣ್ಣು, ಅರ್ಧ ಗಂಟೆ ಫೋಟೋ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಭಾಷೆ ಬರದೆ ಅಳು ಹೇಗೆ ಬರುತ್ತದೆ?

ನಾನು ಹಾಸನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಬೇರೆ ಊರಿಗೆ ನೇರವಾಗಿ ನಂಬರ್ ತಿರುಗಿಸುವ ಎಸ್‌ಟಿಡಿ ಬರುವ ಮುಂಚಿನ ಕಾಲ. ಎಸ್ಟೇಟುಗಳಿಂದ ಮಂಗಳೂರಿಗೋ ಬೆಂಗಳೂರಿಗೋ ಮಾತಾಡಬೇಕು ಅಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಲೈನ್ ಸಿಕ್ಕಿದರೆ ಮೂರು ನಿಮಿಷ. ಮೂರು ನಿಮಿಷ ಆಯ್ತು ಅಂತ ನಡುವೆ ನಾವು ಬಾಯಿ ಹಾಕಬೇಕಿತ್ತು. ಆ ಹೊತ್ತಿಗೆ ಒಂದೆರಡು ಮಾತು ಕಿವಿಗೆ ಬೀಳುತ್ತಿತ್ತು. ಕದ್ದು ಕೇಳುತ್ತಿದ್ದೆವು ಅಂತಲ್ಲ. ಆಯ್ತು, ಸ್ವಲ್ಪ ಕೇಳುತ್ತಿದ್ದೆವು.

ಸಕಲೇಶಪುರದ ಕಡೆಯ ಒಂದು ಎಸ್ಟೇಟಿನಿಂದ ಒಬ್ಬ ಹುಡುಗ ಪ್ರತಿ ಶನಿವಾರ ರಾತ್ರಿ ಮಂಗಳೂರಿನ ಒಂದು ನಂಬರಿಗೆ ಬುಕ್ ಮಾಡುತ್ತಿದ್ದ. ಆ ಕಡೆ ಹುಡುಗಿ. ಇಬ್ಬರದೂ ಕೊಂಕಣಿ. ನನಗೆ ಕೊಂಕಣಿಯ ಒಂದಕ್ಷರ ಬರುವುದಿಲ್ಲ. ಆದರೂ ಯಾವ ವಾರ ಜಗಳವಾಗಿದೆ, ಯಾವ ವಾರ ಅವಳ ಪಕ್ಕದಲ್ಲಿ ಯಾರೋ ನಿಂತಿದ್ದಾರೆ, ಯಾವ ವಾರ ಅವನು ಹೇಳಬೇಕಾದ್ದನ್ನು ಬಿಟ್ಟು ಮಳೆಯ ಸುದ್ದಿ ಹೇಳುತ್ತಿದ್ದಾನೆ, ಎಲ್ಲ ಗೊತ್ತಾಗುತ್ತಿತ್ತು. ಉಸಿರು ಎಳೆದುಕೊಳ್ಳುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಒಂದು ರಾತ್ರಿ ಇಬ್ಬರೂ ಮಾತೇ ಆಡಲಿಲ್ಲ. ಲೈನ್ ಕಟ್ಟಾಗಿದೆ ಅಂದುಕೊಂಡು "ಮಾತಾಡ್ತಿದ್ದೀರಾ?" ಅಂತ ಕೇಳಿದೆ. "ಮಾತಾಡ್ತಿದ್ದೀವಿ ಮೇಡಂ" ಅಂದ, ಗಂಟಲು ಕಟ್ಟಿಕೊಂಡು. ಆವತ್ತು ಗಡಿಯಾರ ನೋಡುವುದನ್ನು ನಾನು ಮರೆತುಬಿಟ್ಟೆ. ರಿಟೈರ್ ಆಗಿದ್ದೇನೆ, ಈಗ ಹೇಳಿದರೆ ಯಾರೂ ಮೆಮೊ ಕೊಡುವುದಿಲ್ಲ. ಆಮೇಲೆ ಎಸ್‌ಟಿಡಿ ಬಂತು. ಆ ಇಬ್ಬರ ಕತೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹೀಗೆ ಅರ್ಧಕ್ಕೆ ನಿಂತು ಮನಸ್ಸು ತೊಳಲುವುದಕ್ಕೆ ಆ ಧಾರಾವಾಹಿಯವರ ಟಗಾಲಾಗ್ ಭಾಷೆಯಲ್ಲಿ ಒಂದು ಮಾತಿದೆ: 'ಬಿತಿನ್'. ಎಪಿಸೋಡ್ ಸರಿಯಾಗಿ ಕುತೂಹಲದ ಹೊತ್ತಿಗೇ ಮುಗಿದಾಗ ಅವರು ಅದನ್ನೇ ಹೇಳುವುದು. ಇನ್ನೊಂದು 'ಕಿಲಿಗ್'. ಪ್ರೀತಿಯ ದೃಶ್ಯ ನೋಡಿ ಮೈ ಜುಮ್ಮೆಂದು, ದಿಂಬು ಕಚ್ಚಿಕೊಂಡು ನಗುವಂತಾಗುತ್ತದಲ್ಲ, ಅದು. 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೂ ಈ ಪದ ಸೇರಿತು. ನಮ್ಮಲ್ಲಿ ಅಷ್ಟು ಅಚ್ಚುಕಟ್ಟಾದ ಒಂದು ಪದ ಇಲ್ಲ. ಬಂದರೂ ನಾವು ತೋರಿಸಿಕೊಳ್ಳುವುದಿಲ್ಲ, ಕೆಮ್ಮಿ ಎದ್ದು ಹೋಗುತ್ತೇವೆ.

'ಮುಖಾ' ಭ್ರಮೆ ಅಲ್ಲ. ಅದು ಮುಖವೇ! ಸಂಸ್ಕೃತದ ಪದಗಳು ಸಾವಿರ ವರ್ಷದ ಹಿಂದೆಯೇ ಸಮುದ್ರ ದಾಟಿ ಆ ದ್ವೀಪಗಳಿಗೆ ಹೋಗಿವೆ. ಮೇಷ್ಟ್ರಿಗೆ ಅವರು 'ಗುರೊ' ಅಂತಾರೆ. ನಿರೀಕ್ಷೆಗೆ 'ಆಸಾ'. 'ದುಖಾ' ಅಂದರೆ ಬಡವ. ದುಃಖಕ್ಕೂ ಬಡತನಕ್ಕೂ ಒಂದೇ ಪದ ಸಾಕು ಅಂತ ಯಾರಿಗೆ ಹೊಳೆಯಿತೋ. ಇನ್ನು ಸ್ಪೇನಿನವರು 1565ರಿಂದ 1898ರವರೆಗೆ ಅಲ್ಲಿ ಆಳಿದರು, ಹಾಗಾಗಿ ವಾರದ ಹೆಸರುಗಳು, ಚಮಚ, ಮೇಜು ಎಲ್ಲ ಸ್ಪ್ಯಾನಿಷ್. ಸೋಪಿಗೆ 'ಸಾಬೋನ್' ಅಂತಾರೆ. ನಮ್ಮ ಅಜ್ಜಿ ಸಾಬೂನು ಅನ್ನುತ್ತಿದ್ದರಲ್ಲ, ಅದರ ದಾಯಾದಿ.

'ಪೋ' ಅಂದರೆ ಹೋಗು ಅಲ್ಲ ಅಂತ ಲೈನ್‌ಮನೆಯವರಿಗೆ ಹೇಳಿಬಿಡಿ, ಪಾಪ. ಅದು ನಮ್ಮ 'ರೀ' ಇದ್ದ ಹಾಗೆ. ದೊಡ್ಡವರ ಹತ್ತಿರ ಮಾತಾಡುವಾಗ ಸೇರಿಸುವ ಮರ್ಯಾದೆ. 'ಸಲಾಮತ್ ಪೋ' ಅಂದರೆ ತುಂಬಾ ಉಪಕಾರವಾಯಿತು ರೀ. ಅಕ್ಕನಿಗೆ 'ಆತೆ', ಅಣ್ಣನಿಗೆ 'ಕುಯಾ', ಅಜ್ಜಿಗೆ 'ಲೋಲಾ'. ಹಿರಿಯರು ಕಂಡರೆ ಅವರ ಕೈಯನ್ನು ಹಿಡಿದು ಹಣೆಗೆ ಒತ್ತಿಕೊಳ್ಳುತ್ತಾರೆ, ಅದೂ ಒಂದು ನಮಸ್ಕಾರ. ಆ ಸೊಕ್ಕಿನ ಹುಡುಗನ ಮಾತು ಬರುಬರುತ್ತಾ ಮೆದುವಾಗುವುದು ನಿಮ್ಮ ಕಿವಿಗೆ ಬಿದ್ದಿದೆ. ನಿಮಗೆ ಅಳು ಬಂದದ್ದು ಅಲ್ಲೇ ಅಂತ ನನ್ನ ಊಹೆ. ನನಗಂತೂ ಅಲ್ಲೇ ಬಂತು.

ಮುಗಿದದ್ದಕ್ಕೆ ಬೇಜಾರು ಅಂದಿರಿ. ನನಗೆ ಮುಗಿದದ್ದೇ ಇಷ್ಟವಾಯಿತು. 2014ರ ಅಕ್ಟೋಬರಿನಲ್ಲಿ ಶುರುವಾಗಿ 2015ರ ಮೇ ತಿಂಗಳಿಗೆ ಮುಗಿದ ಧಾರಾವಾಹಿ ಅದು. ಏಳು ತಿಂಗಳು. ನಮ್ಮಲ್ಲಾದರೆ ಏಳು ತಿಂಗಳಿಗೆ ನಿಶ್ಚಿತಾರ್ಥದ ಸೀರೆ ಆರಿಸುವುದೂ ಮುಗಿದಿರುವುದಿಲ್ಲ. ಹಾಗಂತ ಅವರದು ಎಲ್ಲವೂ ಚೆನ್ನ ಅಂತಲ್ಲ. ಕೆನ್ನೆಗೆ ಹೊಡೆಯುವುದು, ಕಳೆದುಹೋದ ಮಗು, ಗುಟ್ಟು ಮುಚ್ಚಿಟ್ಟ ಅಮ್ಮ, ಅವರಲ್ಲೂ ಧಾರಾಳ.

ಮುಂದೇನು ನೋಡಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೆತ್ತಗಿನ ಕತೆ ಬೇಕಾದರೆ 2012ರಲ್ಲಿ ಶುರುವಾದ 'ಬಿ ಕೇರ್‌ಫುಲ್ ವಿತ್ ಮೈ ಹಾರ್ಟ್'. ಗಗನಸಖಿ ಆಗುವ ಆಸೆ ಹೊತ್ತ ಹಳ್ಳಿ ಹುಡುಗಿ ಮಾಯಾ, ಹೆಂಡತಿ ಸತ್ತ ಒಬ್ಬ ಸಾಹುಕಾರನ ಮನೆಗೆ ಮಗು ನೋಡಿಕೊಳ್ಳಲು ಸೇರುತ್ತಾಳೆ. ಅಮ್ಮ ಹೋದ ಮೇಲೆ ಆ ಮಗು ಮಾತೇ ಬಿಟ್ಟಿರುತ್ತದೆ. ಕೆಟ್ಟವರು ಕಡಿಮೆ. ಒಗ್ಗರಣೆ ಜಾಸ್ತಿ ಬೇಕು ಅಂದರೆ 2000ದಲ್ಲಿ ಬಂದ 'ಪಂಗಾಕೊ ಸಾ ಯೋ'. ಮನೆಗೆಲಸದ ಹುಡುಗಿಯಾಗಿದ್ದವಳು ಶ್ರೀಮಂತೆಯಾಗಿ ಸೇಡಿಗೆ ವಾಪಸು ಬರುತ್ತಾಳೆ. ಇಂಥ ಧಾರಾವಾಹಿಗಳಿಗೆ ಅಲ್ಲಿಯವರು ಹೇಳುವ 'ಟೆಲಿಸೆರ್ಯೆ' ಅನ್ನುವ ಹೆಸರೇ ಇದರಿಂದ ಚಾಲ್ತಿಗೆ ಬಂತು. 2015ರಲ್ಲಿ ಅದನ್ನೇ ಮತ್ತೆ ಹೊಸ ಜೋಡಿ ಹಾಕಿ ತೆಗೆದರು. ನೀವು ಹಳೆಯದನ್ನೇ ನೋಡಿ.

ಯಜಮಾನರ ವಿಷಯ. ಅವರಿಗೆ ಪ್ರೀತಿಯ ಕತೆ ತೋರಿಸಬೇಡಿ, ಕಾಫಿಯಿಂದ ಶುರು ಮಾಡಿ. ಫಿಲಿಪ್ಪೀನ್ಸಿನ ಬತಂಗಾಸ್ ಕಡೆ 'ಕಪೆಂಗ್ ಬರಾಕೊ' ಅಂತ ಕುಡಿಯುತ್ತಾರೆ. ಖಡಕ್ ಕಾಫಿ. ಬರಾಕೊ ಅಂದರೆ ಗಂಡು ಹಂದಿ, ಗಟ್ಟಿ ಆಳಿಗೂ ಹಾಗೇ ಅಂತಾರೆ. ಅದು ಅರೇಬಿಕಾನೂ ಅಲ್ಲ, ರೊಬಸ್ಟಾನೂ ಅಲ್ಲ, ಲೈಬೀರಿಕಾ. ನಮ್ಮ ಹಳೇ ತೋಟಗಳ ಬೇಲಿ ಪಕ್ಕದಲ್ಲಿ ಏಣಿ ಹಾಕಿ ಕುಯ್ಯುವ ಮರಕಾಫಿ ಇರುತ್ತದಲ್ಲ, ಅದೇ ಜಾತಿ. ಅಲ್ಲಿನ ಲಿಪಾ ಊರು ಕಾಫಿಯಿಂದಲೇ ಮೆರೆದದ್ದು, 1889ರ ಸುಮಾರಿಗೆ ಎಲೆ ತುಕ್ಕು ರೋಗ ಬಂದು ತೋಟಗಳೆಲ್ಲ ನೆಲ ಕಚ್ಚಿದವು. ತುಕ್ಕು ರೋಗ ಅಂದ ಕೂಡಲೇ ಯಾವ ಬೆಳೆಗಾರನೂ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಆಮೇಲೆ ನಿಧಾನಕ್ಕೆ ಸ್ಟ್ರಾಬೆರಿ ತೋಟಕ್ಕೆ ಕರೆದುಕೊಂಡು ಹೋಗಿ. ಅಡುಗೆಮನೆ ಬಿಟ್ಟು ಜಗುಲಿಗೆ ಬನ್ನಿ, ಒಲೆ ಹೊಗೆಗೆ ಕಣ್ಣು ಉರಿದರೂ ಅಳುತ್ತಿದ್ದೀರಿ ಅಂದುಕೊಳ್ಳುತ್ತಾರೆ.

ಪ್ರಶ್ನೆ: ಮೇಡಂ, ನಿಮ್ಮ ಅಂಕಣ ಓದಿ ನನ್ನ ಹೆಂಡತಿಯೂ ಅದೇ ಧಾರಾವಾಹಿ ಹಿಡಿದಿದ್ದಾಳೆ. ಮದುವೆಯಾಗಿ 25 ವರ್ಷ ಆಯ್ತು, ಆ ಸ್ಟ್ರಾಬೆರಿ ಹಳ್ಳಿಗೆ ಕರೆದುಕೊಂಡು ಹೋಗಿ ಅಂತಾಳೆ. ಅಂಥ ಊರು ನಿಜವಾಗಿಯೂ ಇದೆಯಾ? ಬೇಲೂರಿನವನು, ಸ್ವಲ್ಪ ಕೋಪದಲ್ಲಿದ್ದೇನೆ.

ಉತ್ತರ: ಇದೆ, ಆದರೆ ಕೋಪ ಇಳಿಸಿಕೊಂಡು ಓದಿ. ಕತೆಯಲ್ಲಿ ಆ ಹಳ್ಳಿಗೆ ಲಾ ಪ್ರೆಸಾ ಅಂತಾರೆ. ಚಿತ್ರೀಕರಣ ನಡೆದದ್ದು ಬೆಂಗೆಟ್ ಪ್ರಾಂತ್ಯದ ತೂಬಾ ಎಂಬಲ್ಲಿ, ಸಾಂತೊ ತೊಮಾಸ್ ಬೆಟ್ಟದ ಮೇಲಿನ ಒಂದು ಸಣ್ಣ ಕೇರಿಯಲ್ಲಿ. ಧಾರಾವಾಹಿ ಶುರುವಾದದ್ದೇ ತಡ, ಜನ ವ್ಯಾನುಗಟ್ಟಲೆ ಬಂದರು. ಅದು ಮೀಸಲು ಅರಣ್ಯ. ಕಾಡು ಹಾಳಾಗುತ್ತದೆ ಅಂತ ಪ್ರವಾಸಿಗರನ್ನು ತಡೆಯಬೇಕಾಯಿತು. ಭಾನುವಾರ ಕೈಮರದ ಚೆಕ್‌ಪೋಸ್ಟಿನಲ್ಲಿ ಮುಳ್ಳಯ್ಯನಗಿರಿಗೆ ಹೊರಟ ಕಾರುಗಳ ಸಾಲು ನೋಡಿದ್ದೀರಲ್ಲ, ಇನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಆದರೆ ಪಕ್ಕದಲ್ಲೇ ಬಾಗಿಯೋ ಇದೆ, ಅವರ ಊಟಿ ಅನ್ನಿ. ಮನಿಲಾದಿಂದ ಉತ್ತರಕ್ಕೆ ಸುಮಾರು 250 ಕಿಲೋಮೀಟರ್, ಬಸ್ಸಿನಲ್ಲಿ ಐದಾರು ಗಂಟೆ. ಅದಕ್ಕೆ ತಾಗಿಕೊಂಡೇ ಲಾ ತ್ರಿನಿದಾದ್, ಸ್ಟ್ರಾಬೆರಿಯ ಊರು. 2004ರಲ್ಲಿ ಅಲ್ಲಿಯವರು 9 ಸಾವಿರ ಕಿಲೋಗೂ ಜಾಸ್ತಿ ತೂಕದ ಸ್ಟ್ರಾಬೆರಿ ಕೇಕ್ ಮಾಡಿ ಗಿನ್ನೆಸ್ ದಾಖಲೆ ಮಾಡಿದ್ದರು. ದುಡ್ಡು ಕೂಡಿಸುವ ತನಕ ಒಂದು ಕೆಲಸ ಮಾಡಿ. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ, ಕಾರುಗಳು ಬರುವ ಮುಂಚೆ, ಅವರನ್ನು ಸೀತಾಳಯ್ಯನಗಿರಿಗೆ ಕರೆದುಕೊಂಡು ಹೋಗಿ. ಫ್ಲಾಸ್ಕಿನಲ್ಲಿ ಕಾಫಿ ನೀವೇ ಮಾಡಿ ಹಾಕಿಕೊಳ್ಳಿ. ಪ್ಯಾರಾಚೂಟ್ ಬೇಡ.

ಪ್ರಶ್ನೆ: ಅಕ್ಕಾ, ಫಿಲಿಪ್ಪೀನ್ಸ್ ಧಾರಾವಾಹಿಯಲ್ಲಿ ಕಲಿತ 'ಮಹಾಲ್ ಕಿತಾ' ಅನ್ನುವ ಮಾತನ್ನು ನಮ್ಮೆಜಮಾನರಿಗೆ ಹೇಳಿದೆ. "ಯಾವ ಮಹಲ್? ಮೈಸೂರಿನ ಲಲಿತ ಮಹಲಾ?" ಅಂದರು. ಏನು ಮಾಡಲಿ? (ಹಾಸನ, ಸಾಲಗಾಮೆ ರಸ್ತೆ)

ಉತ್ತರ: ಹೌದು ಅನ್ನಿ. 'ಮಹಾಲ್ ಕಿತಾ' ಅಂದರೆ ನಿನ್ನನ್ನು ಪ್ರೀತಿಸುತ್ತೇನೆ ಅಂತ. ಬರೀ 'ಮಹಾಲ್' ಅಂದರೆ ದುಬಾರಿ ಅಂತಲೂ ಆಗುತ್ತದೆ. ಲಲಿತ ಮಹಲಿಗೆ ಹೋಗಿ ಇಬ್ಬರೂ ಒಂದೊಂದು ಕಾಫಿ ಕುಡಿಯಿರಿ. ಬಿಲ್ ಅವರ ಕೈಗೇ ಬರಲಿ. 'ಮಹಾಲ್' ಅಂತ ಅವರ ಬಾಯಿಂದಲೇ ಬರುತ್ತದೆ.