ಕೇಬಲ್ ಎಳೆಯುವ ಕೈಪಟ್ಟಿ ಹೀಗೆ ಮಾಡಿಸಿ

ನಿಮ್ಮ ತಂಗಿಗೆ ಹುಟ್ಟಿನಿಂದಲೇ ಎಡಗೈ ಮೊಣಕೈಯಿಂದ ಸ್ವಲ್ಪ ಕೆಳಗಿನವರೆಗೆ ಮಾತ್ರ ಇದೆ, ಜಿಮ್‌ನಲ್ಲಿ ಎರಡೂ ಕಡೆಯಿಂದ ಕೇಬಲ್ (ಭಾರ ಕಟ್ಟಿದ ತಂತಿ) ಎಳೆಯಲು ಏನು ಮಾಡಿಸಬಹುದು ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ನೋಡೋಕೆ ಚೆನ್ನಾಗಿರಲಿ ಅಂತ ಹಾಕುವ ಕೃತಕ ಕೈಯಲ್ಲಿ ಭಾರ ಎಳೆಸಬೇಡಿ.

ಮುಂಗೈ ಗಿಡ್ಡ ಇರುವಾಗ ಅದಕ್ಕೆ ಒಂದೇ ಪಟ್ಟಿ ಕಟ್ಟಿದರೆ ಎಳೆದ ಕೂಡಲೇ ಜಾರಿ ಬರುತ್ತದೆ. ಮೊಣಕೈ ಮೇಲೆ, ತೋಳಿಗೆ ಇನ್ನೊಂದು ಅಗಲವಾದ ಪಟ್ಟಿ ಕಟ್ಟಿ, ಎರಡನ್ನೂ ಎರಡು ಪಕ್ಕದಲ್ಲಿ ನೈಲಾನ್ ಪಟ್ಟಿಯಿಂದ ಸೇರಿಸಿ. ಮೊಣಕೈ ಮಡಚುವ ಜಾಗ ಖಾಲಿ ಇರಲಿ. ಆಗ ಭಾರ ತೋಳಿಗೂ ಹಂಚಿಕೊಳ್ಳುತ್ತದೆ, ಕೈಯ ತುದಿಗೆ ಬೀಳುವ ಒತ್ತಡ ಕಡಿಮೆಯಾಗುತ್ತದೆ. ವೆಲ್ಕ್ರೋವನ್ನು ಸುಮ್ನೆ ಅಂಟಿಸಬೇಡಿ. ಪಟ್ಟಿಗೆ ಹೊಲಿದ ಬಳೆಯೊಳಗೆ (ರಿಂಗ್) ತೂರಿಸಿ, ಹಿಂದಕ್ಕೆ ಮಡಚಿ ಅಂಟಿಸಿದರೆ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಬಲಗೈ ಒಂದರಲ್ಲೇ ನಿಮ್ಮ ತಂಗಿ ಹಾಕಿ ತೆಗೆಯುವಂತಿರಬೇಕು, ಇದು ತುಂಬಾ ಮುಖ್ಯ.

ಪಟ್ಟಿಯನ್ನು ಕೇಬಲ್‌ಗೆ ಸಿಕ್ಕಿಸುವ ಕೊಂಡಿಯ ಉದ್ದ ಬಲಗೈ ಹಿಡಿತಕ್ಕೆ ಸಮ ಇರಲಿ. ಇಲ್ಲದಿದ್ದರೆ ಬೆನ್ನು ಒಂದು ಕಡೆ ತಿರುಚುತ್ತದೆ, ಅಲ್ವಾ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವವರನ್ನು ಕೇಳಿ ನೋಡಿ. ಗಟ್ಟಿ ಹೊಲಿಗೆ, ಫೋಮ್ ಎರಡೂ ಅವರ ಕೆಲಸವೇ. ಅದಕ್ಕೂ ಮೊದಲು ಜೆ.ಪಿ. ನಗರದಲ್ಲಿ ಕೃತಕ ಕೈಕಾಲು ಮಾಡಿಕೊಡುವ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಯಲ್ಲಿ ಕೈ ತೋರಿಸಿ, ಅಳತೆ ಬಗ್ಗೆ ಮಾತಾಡಿ. ಶುರುವಿನಲ್ಲಿ ಕಡಿಮೆ ಭಾರ ಸಾಕು. ಪಟ್ಟಿ ತೆಗೆದ ಮೇಲೆ ಚರ್ಮ ನೋಡಿ, ಕೆಂಪು ಬೇಗ ಇಳಿಯದಿದ್ದರೆ ಆ ಜಾಗದಲ್ಲಿ ಫೋಮ್ ಜಾಸ್ತಿ ಮಾಡಿಸಿ.