ಹೋಂವರ್ಕ್ ಆಮೇಲೆ, ಮೊದಲು ಮಗು ಎಲ್ಲಿ ಸಿಕ್ಕಿಕೊಂಡಿದೆ ನೋಡಿ

ಓದುಗರೊಬ್ಬರ ಪತ್ರ: ‘ಈಚೆಗೆ ನಿವೃತ್ತನಾದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸಂಜೆ ಹೊತ್ತು ಉಚಿತವಾಗಿ ಪಾಠ ಹೇಳಿಕೊಡುವ ಆಸೆ. ಆದರೆ ನಾನು ಮೇಷ್ಟ್ರಲ್ಲ, ಯಾವ ಟ್ರೇನಿಂಗೂ ಆಗಿಲ್ಲ. ಒಳ್ಳೆಯದು ಮಾಡಲು ಹೋಗಿ ಮಕ್ಕಳ ತಲೆ ಕೆಡಿಸಿಬಿಟ್ಟರೆ? ಎಷ್ಟು ಮಕ್ಕಳನ್ನು ಕೂರಿಸಿಕೊಳ್ಳಲಿ? ಹೋಂವರ್ಕ್ ಮಾಡಿಸಿದರೆ ಸಾಕಾ?’

ಉತ್ತರ: ಆ ಭಯ ಇರಲಿ ಬಿಡಿ, ಒಳ್ಳೆಯದೇ. ಭಯ ಇಲ್ಲದವರು ಮೊದಲ ದಿನವೇ ಬೋರ್ಡಿನ ಮುಂದೆ ನಿಂತು ಭಾಷಣ ಶುರು ಮಾಡುತ್ತಾರೆ. ಪಾಠ ಮಾಡೋಕೆ ಶಾಲೆಯಲ್ಲಿ ಟೀಚರ್ ಇದ್ದಾರೆ. ಅವರಿಗೆ ಇಲ್ಲದ್ದು ಪುರುಸೊತ್ತು. ಒಂದು ಮಗುವಿನ ಪಕ್ಕ ಕೂತು, ಅದು ಲೆಕ್ಕ ಮಾಡುವುದನ್ನು ಕೊನೆತನಕ ನೋಡುವಷ್ಟು ಸಮಯ ಅವರಿಗೆಲ್ಲಿ ಸಿಗಬೇಕು?

ಒಂದು ಉದಾಹರಣೆ ಕೊಡುತ್ತೇನೆ. 52ರಲ್ಲಿ 27 ಕಳೆ ಅಂದಿರಿ. ಮಗು 35 ಎಂದು ಬರೆಯಿತು. ಗಮನ ಇಲ್ಲ ಅಂತ ಗದರಬೇಡಿ. 84ರಲ್ಲಿ 36 ಕಳೆಯಲು ಕೊಡಿ. 52 ಎಂದು ಬರೆದರೆ ಗುಟ್ಟು ಸಿಕ್ಕಿತು. ಮೇಲಿರಲಿ, ಕೆಳಗಿರಲಿ, ಅದು ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದೆ. ‘ಚಿಕ್ಕದರಲ್ಲಿ ದೊಡ್ಡದು ಹೋಗಲ್ಲ’ ಎಂದು ಯಾವಾಗಲೋ ಕೇಳಿದ್ದನ್ನು ನಿಯತ್ತಾಗಿ ಪಾಲಿಸುತ್ತಿದೆ, ಅಷ್ಟೇ. ಈ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ತಪ್ಪೇ ಗಟ್ಟಿಯಾಗುತ್ತದೆ. ಹತ್ತತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಡಿ. ಏಳು ಕಡ್ಡಿ ಕೊಡು ಅನ್ನಿ. ಒಂದು ಕಟ್ಟು ಬಿಚ್ಚಲೇಬೇಕಲ್ವಾ? ಮಗುವೇ ಬಿಚ್ಚಲಿ, ನೀವು ಕೈ ಹಾಕಬೇಡಿ. ಕೈ ತುರಿಸುತ್ತದೆ, ತಡೆದುಕೊಳ್ಳಿ.

‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿದ ಮೇಲೆ ಸುಮ್ನೆ ಕಾಯಿರಿ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ 1 ಸೆಕೆಂಡಷ್ಟೇ ಕಾಯುತ್ತಾರೆ ಎಂಬುದನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ‘ಗೊತ್ತಿಲ್ಲ’ ಅನ್ನುವುದು ಕಡಿಮೆಯಾಗುತ್ತದೆ ಎಂದೂ ಅವರು ಕಂಡುಕೊಂಡರು.

ಓದಿನಲ್ಲೂ ಹೀಗೇ. ಒಂದು ಪುಟ ಜೋರಾಗಿ ಓದಿಸಿ. ಹತ್ತು ಪದಕ್ಕೆ ಒಂದಕ್ಕಿಂತ ಜಾಸ್ತಿ ಕಡೆ ಎಡವಿದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಮೂರನೇ ಕ್ಲಾಸಿನ ಮಗುವಿಗೆ ಒಂದನೇ ಕ್ಲಾಸಿನ ಪುಸ್ತಕ ಕೊಡಬೇಕಾಗಿ ಬಂದರೂ ಕೊಡಿ. ರಟ್ಟಿಗೆ ಕಾಗದದ ಹೊದಿಕೆ ಹಾಕಿದರೆ ಅವಮಾನವೂ ಇಲ್ಲ.

ಇನ್ನು ಎಷ್ಟು ಮಕ್ಕಳು ಎಂಬ ಪ್ರಶ್ನೆ. ಒಬ್ಬರು, ಹೆಚ್ಚೆಂದರೆ ಮೂವರು. ಹೀಗೆ ಒಬ್ಬೊಬ್ಬರಿಗೇ ಕಲಿಸಿದಾಗ ಸಾಧಾರಣ ಮಗುವೂ ಮಾಮೂಲಿ ತರಗತಿಯ ಶೇ 98ರಷ್ಟು ಮಕ್ಕಳಿಗಿಂತ ಮುಂದಿರುತ್ತದೆ ಎಂದು ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದಿದ್ದರು. ಮುಂದಿನ ಅಧ್ಯಯನಗಳಲ್ಲಿ ಅಷ್ಟು ಭಾರಿ ಅಂತರ ಕಾಣಲಿಲ್ಲ. ಲಾಭ ಇದೆ ಎಂಬುದು ಮಾತ್ರ ಮತ್ತೆ ಮತ್ತೆ ಕಂಡಿದೆ. ಹದಿನೈದು ಮಕ್ಕಳನ್ನು ಗುಡ್ಡೆ ಹಾಕಿಕೊಂಡರೆ ನೀವೂ ಇನ್ನೊಂದು ತರಗತಿ ತೆರೆದಂತೆ. ಅದು ಈಗಾಗಲೇ ಇದೆಯಲ್ಲ.

ಹೋಂವರ್ಕಿಗೆ ಕೊನೆಯ ಕಾಲುಗಂಟೆ ಸಾಕು. ಉತ್ತರ ನೀವು ಹೇಳಿ ಮಗು ಬರೆದುಕೊಂಡರೆ ಅದಕ್ಕೆ ಎಲ್ಲಿ ತೊಡಕಿದೆ ಎಂಬುದು ಟೀಚರಿಗೆ ಗೊತ್ತೇ ಆಗುವುದಿಲ್ಲ.

ಪಾಠ ನಾಲ್ಕು ಜನ ಓಡಾಡುವ ಕಡೆ, ಬಾಗಿಲು ತೆರೆದಿಟ್ಟೇ ನಡೆಯಲಿ. ಮನೆಯವರ ಒಪ್ಪಿಗೆ ಇರಲಿ. ಕೇಳದೆ ಮಕ್ಕಳ ಫೋಟೊ ತೆಗೆಯಬೇಡಿ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನೂ ಇಲ್ಲ. ಈ ನಿಯಮ ಎಲ್ಲರಿಗೂ ಒಂದೇ.

ವಾರಕ್ಕೆ ಎರಡು ದಿನ ಎಂದು ಮಾತು ಕೊಟ್ಟರೆ ಎರಡು ದಿನವೂ ಹೋಗಿ. ಆಗಲ್ಲ ಅನ್ನಿಸಿದರೆ ಒಂದೇ ದಿನ ಒಪ್ಪಿಕೊಳ್ಳಿ. ಮುಂದೆಂದೋ ಬಿಡಬೇಕಾಗಿ ಬಂದರೆ ಎರಡು ವಾರ ಮೊದಲೇ ಮಗುವಿಗೆ ನೀವೇ ಹೇಳಿ. ಆ ಸುದ್ದಿ ಬೇರೆಯವರ ಬಾಯಿಂದ ಬರುವುದು ಬೇಡ.