ಸಿಟ್ಟು ಶುರುವಾದದ್ದು ಯಾವಾಗ?

(ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಬಳಿ ಮೊದಲು ಬಂದವರು ಹೆಂಡತಿ ಗೀತಾ. ಗಂಡ ಶಿವು ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಹುರಿಯುವ ಕೆಲಸಕ್ಕಿದ್ದಾರೆ.

“ನಮ್ಮ ಮನೆಯವರು ಹೀಗಿರಲಿಲ್ಲ ಮೇಡಂ. ಈಗ ಸಾರಿಗೆ ಉಪ್ಪು ಕಡಿಮೆಯಾದರೂ ತಟ್ಟೆ ಎಸೆಯುತ್ತಾರೆ. ಮಗು ಅವರನ್ನು ಕಂಡರೆ ನನ್ನ ಸೆರಗಿನ ಹಿಂದೆ ಅಡಗುತ್ತದೆ. ಜಗಳೂರಿಗೆ, ತವರಿಗೆ ಹೋಗಿಬಿಡುತ್ತೇನೆ” ಎಂದರು. ಕುಡಿತವಿಲ್ಲ, ಸಾಲವಿಲ್ಲ. ಯಾರೋ ಮಾಟ ಮಾಡಿಸಿದ್ದಾರೆಂದು ಅತ್ತೆಯ ಅನುಮಾನ. ಗಂಡನಿಗೆ ಫಿಟ್ಸ್ ಇದೆಯೆಂಬ ಮಾತು ಬಂದದ್ದು ಅವರು ಹೊರಡಲು ಎದ್ದಾಗ, ಅದೂ ತಗ್ಗಿದ ದನಿಯಲ್ಲಿ. ಮೂರ್ಛೆರೋಗವನ್ನು ಮುಚ್ಚಿಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಅಷ್ಟು ಗಟ್ಟಿಯಾಗಿದೆ.

ಶಿವು ಮರುವಾರ ಬಂದರು. ಮುಂಗೈಗೆ ಬ್ಯಾಂಡೇಜು. ಬಹಳ ಹೊತ್ತಿನ ಮೇಲೆ, “ನಮ್ಮಪ್ಪನೂ ಹೀಗೆಯೇ ಕೈ ಎತ್ತುತ್ತಿದ್ದ. ರಕ್ತ ಎಲ್ಲಿಗೆ ಹೋಗುತ್ತದೆ?” ಎಂದರು. ತನ್ನ ಹಣೆಬರಹವೇ ಇದು ಎಂದು ಅವರು ಒಪ್ಪಿಕೊಂಡಾಗಿತ್ತು.

ವೈದ್ಯರ ಚೀಟಿಗಳನ್ನೂ ಔಷಧದಂಗಡಿಯ ಬಿಲ್ಲುಗಳನ್ನೂ ತರಿಸಿದೆ. ಯುಗಾದಿಯ ನಂತರ ಒಮ್ಮೆ ಫಿಟ್ಸ್ ಬಂದಿತ್ತು. ಆಗ ಫಿಟ್ಸ್ ತಡೆಯುವ ಮಾತ್ರೆ ಲೆವೆಟಿರಾಸಿಟಮ್‌ನ ಪ್ರಮಾಣವನ್ನು ದಿನಕ್ಕೆರಡು ಬಾರಿ 500 ಮಿಲಿಗ್ರಾಂನಿಂದ ದಿನಕ್ಕೆರಡು ಬಾರಿ 1000ಕ್ಕೆ ಏರಿಸಿದ್ದರು. ಮೊದಲ ತಟ್ಟೆ ಹಾರಿದ್ದು ಎಂದು? ಗೀತಾ ಬೆರಳು ಮಡಿಸಿ ಲೆಕ್ಕ ಹಾಕಿದರು: ಬಸವ ಜಯಂತಿಗೆ ಎರಡು ದಿನ ಮುಂಚೆ. ಅಲ್ಲಿಗೆ ಮಾತ್ರೆ ಏರಿಸಿ ಮೂರು ವಾರವೂ ತುಂಬಿರಲಿಲ್ಲ.

ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ ಕಿರಿಕಿರಿ, ಸಿಟ್ಟು, ಮಂಕುತನ ಬರಬಹುದು. ಹಾಗೆಂದು ಅದು ಕೆಟ್ಟ ಔಷಧವಲ್ಲ, ಅಸಂಖ್ಯ ಜನರನ್ನು ಕಾಪಾಡುತ್ತಿದೆ. ಇದನ್ನು ಹೇಳಿದಾಗ ಶಿವು ತಲೆ ತಗ್ಗಿಸಿದರು. ಮಾತ್ರೆಯ ಮೇಲೆ ಅವರಿಗೂ ಸಂಶಯವಿತ್ತು. ಭಟ್ಟಿ ಹೊತ್ತುವುದು ನಸುಕಿನ 3 ಗಂಟೆಗೆ, ತೂಕಡಿಕೆ ಬೇರೆ. ಹಾಗಾಗಿ ಒಂದು ತಿಂಗಳಿಂದ ರಾತ್ರಿಯ ಮಾತ್ರೆಯನ್ನು ಯಾರಿಗೂ ಹೇಳದೆ ಬಿಡುತ್ತಿದ್ದರು. ಒಂದು ನಸುಕಿನಲ್ಲಿ ಬಾಣಲೆಯ ಮುಂದೆಯೇ ಬಿದ್ದರು. ಜೊತೆಗಾರ ಎಳೆಯುವಷ್ಟರಲ್ಲಿ ಕಾದ ಮರಳು ಮುಂಗೈ ಸುಟ್ಟಿತ್ತು.

ಇಲ್ಲಿ ನಾನು ಗಟ್ಟಿಯಾಗಿಯೇ ಮಾತನಾಡಿದೆ. ಈ ಔಷಧದ ಅರ್ಧ ಭಾಗ ಆರೆಂಟು ಗಂಟೆಗಳಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ದಿನಕ್ಕೆ ಎರಡು ಬಾರಿ ಕೊಡುವುದು ಅದಕ್ಕೇ. ರಾತ್ರಿಯದನ್ನು ಬಿಟ್ಟರೆ ನಸುಕಿಗೆ ಮಿದುಳಿಗೆ ಕಾವಲೇ ಇರುವುದಿಲ್ಲ, ನಿದ್ದೆಗೆಟ್ಟಿದ್ದರೆ ಇನ್ನೂ ಅಪಾಯ. ಯಾವ ಅಡ್ಡಪರಿಣಾಮಕ್ಕೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಅರ್ಧ ಮಾಡಬಾರದು. ಸಹಿಸಲಾಗುತ್ತಿಲ್ಲ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ಸಾಯಬೇಕೆನಿಸಿದೆಯೇ ಎಂದೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ತಪ್ಪು. “ಎರಡು ಸಲ ರೈಲು ಹಳಿಯ ಕಡೆ ಹೋಗಿದ್ದೆ” ಎಂದರು. ಅಂದೇ ಅವರ ನರರೋಗ ತಜ್ಞರಿಗೆ ಫೋನ್ ಮಾಡಿದೆ. ಒಂಟಿಯಾಗಿ ಬಿಡಬೇಡಿ ಎಂದು ಅಣ್ಣನಿಗೆ ತಿಳಿಸಿ, ಹಗಲು ರಾತ್ರಿ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಇಬ್ಬರ ಮೊಬೈಲಿನಲ್ಲೂ ಹಾಕಿಸಿದೆ.

ಗೀತಾ ಅವರಿಗೆ ಬೇರೆಯಾಗಿ ಹೇಳಿದ್ದು: ಸಿಟ್ಟಿಗೆ ಮಾತ್ರೆ ಕಾರಣವಿರಬಹುದು, ಆದರೆ ಪೆಟ್ಟು ಸಹಿಸುವ ಹೊಣೆ ನಿಮ್ಮದಲ್ಲ. ಕೈ ಎದ್ದರೆ ಮಗುವಿನೊಂದಿಗೆ ಪಕ್ಕದ ಮನೆಗೆ ಹೋಗಿ, ಬೇಕಾದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ತಜ್ಞರು ಫಿಟ್ಸ್‌ನ ಇನ್ನೊಂದು ಔಷಧವಾದ ಲ್ಯಾಮೊಟ್ರಿಜಿನ್ ಅನ್ನು ವಾರಗಟ್ಟಲೆ ನಿಧಾನವಾಗಿ ಏರಿಸುತ್ತ, ಹಳೆಯದನ್ನು ಮೆಲ್ಲಗೆ ಇಳಿಸಿದರು. ಮೈಮೇಲೆ ಗಂಧೆಯೆದ್ದರೆ, ಬಾಯಿ ಹುಣ್ಣಾದರೆ ಅದೇ ದಿನ ಆಸ್ಪತ್ರೆಗೆ ಬರಬೇಕೆಂದು ಹೇಳಿದ್ದರು. ಫಿಟ್ಸ್, ನಿದ್ದೆ, ಸಿಟ್ಟು ಮೂರನ್ನೂ ಗೀತಾ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುತ್ತಿದ್ದರು. ಶಿವು ಬೈಕ್ ಓಡಿಸುವುದನ್ನು ನಿಲ್ಲಿಸಿದರು. ಮಾಲೀಕರಿಗೆ ನಿಜ ಹೇಳಿ, ಬೆಂಕಿಯ ಮುಂದಿನಿಂದ ಹಗಲಿನ ಮೂಟೆ ತುಂಬುವ ಕೆಲಸಕ್ಕೆ ಬಂದರು. ಕೂಲಿ ಕಡಿಮೆಯಾಯಿತು, ಆ ನಷ್ಟ ಸಣ್ಣದಲ್ಲ.

ನಾಲ್ಕು ತಿಂಗಳ ಬಳಿಕ ಬಂದಾಗ ಮಗು ಇನ್ನೂ ಸೆರಗು ಬಿಟ್ಟಿರಲಿಲ್ಲ. ಕರೆಯಬೇಡಿ, ನೆಲದ ಮೇಲೆ ಸುಮ್ಮನೆ ಕುಳಿತಿರಿ ಎಂದೆ. ಶಿವು ಕುಳಿತರು.